ಬಿರುಬಿಸಿಲಿನಲ್ಲಿ ಚಳಿ ಎಂದ ಕಾರು

ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಕಡೆ ಓಡಾಡಿದವರಿಗೆ ಅಲ್ಲಿನ ಬಿಸಿಲು ಎಂಥದ್ದೆಂದು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಹತ್ತು ಗಂಟೆಗೇ ರಸ್ತೆಯ ಮೇಲೆ ಬಿಸಿಲ್ಗುದುರೆ ಕುಣಿಯತೊಡಗುತ್ತದೆ. ಅಂಥ ಒಂದು ದಿನ ಪರಿಚಿತ ಕುಟುಂಬವೊಂದರ ಕಾರಿನಲ್ಲಿ ಮದುವೆಗೆಂದು ಹೊಸಪೇಟೆಗೆ ಹೊರಟಿದ್ದೆ. ಮನೆಯ ಯಜಮಾನರೇ ಕಾರು ಓಡಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಅವರ ಪತ್ನಿ, ಕಾಲೇಜು ಓದುವ ಮಗ, ಎಪ್ಪತ್ತು ದಾಟಿದ ಅಜ್ಜಿ. ಎ.ಸಿ. ಹಾಕಿದರೆ ಬರುತ್ತಿದ್ದುದು ಬಿಸಿಗಾಳಿ. ಕಿಟಕಿ ಇಳಿಸಿದರೆ ಒಲೆಯ ಬಾಯಿ ತೆರೆದಂತೆ. ಆದರೆ ಚಾಲಕರ ಎದುರಿನ ಪುಟ್ಟ ಪರದೆಯಲ್ಲಿ ಹೊರಗಿನ ಉಷ್ಣತೆ ಎಂದು ಕಾಣುತ್ತಿದ್ದ ಅಂಕಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ! ಅದರ ಪಕ್ಕದಲ್ಲಿ, ರಸ್ತೆಯ ಮೇಲೆ ಮಂಜುಗಡ್ಡೆ ಇದ್ದೀತು ಜೋಪಾನ ಎಂದು ಎಚ್ಚರಿಸುವ ಹಿಮದ ಹರಳಿನ ಚಿತ್ರ ಬೇರೆ.

“ಎರಡು ತಿಂಗಳಾತ್ರಿ ಫಾದರ್, ನಮ್ಮ ಕಾರಿಗೆ ಹುಚ್ಚು ಹಿಡದು” ಎಂದು ಯಜಮಾನರು ನಕ್ಕರು. ನಾನೂ ನಕ್ಕೆ. ಎ.ಸಿ.ಯ ಮಾತು ಬಂದಾಗ ಮಾತ್ರ ಅವರ ನಗು ಮಾಯವಾಯಿತು. ತಮ್ಮ ಊರಿನ ಗ್ಯಾರೇಜಿನ ಮೇಸ್ತ್ರಿ ಗ್ಯಾಸ್ ಕಡಿಮೆಯಾಗಿದೆ ಎಂದು ಹೇಳಿ ಎರಡು ಸಲ ತುಂಬಿಸಿದನಂತೆ. ಎರಡು ಸಲವೂ ಹಣ ಹೋಯಿತು, ತಂಪು ಬರಲಿಲ್ಲ. “ಕಳ್ಳ ಅವನು. ಊರಾಗ ಎಲ್ಲಾರಿಗೂ ಹೇಳೀನಿ, ಯಾರೂ ಅವನ ಹತ್ರ ಹೋಗಬ್ಯಾಡ್ರಿ ಅಂತ.” ಎಲ್ಲರಿಗೂ ಎಂದರೆ ಚಹದಂಗಡಿಯಲ್ಲಿ, ಆಫೀಸಿನಲ್ಲಿ, ನೆರೆಹೊರೆಯಲ್ಲಿ. ಹಿಂದಿನ ಸೀಟಿನಲ್ಲಿದ್ದ ಮಗ ಕಿಟಕಿಯ ಹೊರಗೆ ನೋಡುತ್ತಿದ್ದ.

ಅರ್ಧ ದಾರಿಯಲ್ಲಿ ಅಜ್ಜಿಗೆ ತಲೆ ಸುತ್ತಿತು. ಸಣ್ಣ ಊರೊಂದರಲ್ಲಿ ಬೇವಿನ ಮರದ ನೆರಳಿಗೆ ಕಾರು ನಿಲ್ಲಿಸಿ ಅವರಿಗೆ ನೀರು ಕುಡಿಸಿ, ಗಾಳಿ ಬೀಸಿ, ಬೆಂಚಿನ ಮೇಲೆ ಮಲಗಿಸಿದೆವು. ದೇವರ ದಯೆ, ಸ್ವಲ್ಪ ಹೊತ್ತಿನಲ್ಲೇ ಚೇತರಿಸಿಕೊಂಡರು. ಎದುರಿಗೇ ಆಟೋ ಎಲೆಕ್ಟ್ರಿಷಿಯನ್ ಒಬ್ಬನ ಅಂಗಡಿ ಇತ್ತು. ಎ.ಸಿ. ಒಮ್ಮೆ ನೋಡಪ್ಪಾ ಎಂದಾಗ ಆ ಯುವಕ ಬಂದ. ಅವನು ಮೊದಲು ನೋಡಿದ್ದು ಎಂಜಿನ್ನನ್ನಲ್ಲ, ಆ ಪರದೆಯನ್ನು. ನಾವೆಲ್ಲ ನಕ್ಕಿದ್ದ ಅಂಕಿಯನ್ನು ನೋಡಿ ಅವನು ನಗಲಿಲ್ಲ.

“ಮುಂದಿನ ಬಂಪರ್ ಯಾವಾಗ ಬಿಚ್ಚಿಸಿದ್ರಿ?” ಎಂದು ಕೇಳಿದ.

“ಬಿಚ್ಚಿಸೇ ಇಲ್ಲ” ಎಂದರು ಯಜಮಾನರು.

ಅವನು ನೆಲದ ಮೇಲೆ ಮಲಗಿ ಟಾರ್ಚ್ ಹಾಕಿ ನೋಡಿದ. “ಬಿಚ್ಚ್ಯಾರ್ರೀ. ಎರಡು ಸ್ಕ್ರೂ ಬ್ಯಾರೆ ಅದಾವ. ಸೆನ್ಸರಿನ ಕಪ್ಲರ್ ಹಾಕೋದ ಮರತಾರ” ಎಂದ. ಬಂಪರಿನ ಹಿಂದೆ ಎರಡೆಳೆಯ ತಂತಿಯೊಂದು ಧೂಳು ಹಿಡಿದು ಜೋತಾಡುತ್ತಿತ್ತು.

ಆಗ ಮಗ ಬಾಯಿ ಬಿಟ್ಟ. “ಅಪ್ಪಾ, ಅದು ನನ್ನಿಂದ ಆದದ್ದು.” ಎರಡು ತಿಂಗಳ ಹಿಂದೆ ತಂದೆ ಪರಊರಿಗೆ ಹೋಗಿದ್ದಾಗ ಅವನು ಕಾರು ತೆಗೆದುಕೊಂಡು ಹೋಗಿ ಗೆಳೆಯನ ಮನೆಯ ಗೇಟಿನ ಕಂಬಕ್ಕೆ ತಾಗಿಸಿದ್ದ. ಕೂಡಿಟ್ಟಿದ್ದ ಹಣವೆಲ್ಲ ಕೊಟ್ಟು, ತಂದೆ ಬರುವಷ್ಟರಲ್ಲಿ ಎಲ್ಲಿಯೋ ಬಂಪರ್ ಸರಿಮಾಡಿಸಿ, ತೊಳೆದು ನಿಲ್ಲಿಸಿದ್ದ. ಮೇಸ್ತ್ರಿಯನ್ನು ಕಳ್ಳ ಎಂದು ತಂದೆ ಬೈದಾಗಲೆಲ್ಲ ಅವನು ಸುಮ್ಮನಿದ್ದ.

ಪ್ರಿಯ ಓದುಗರೇ, ಆ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇಲ್ಲಿ ಸುಳ್ಳು ಹೇಳಿದವರು ಯಾರು? ಸೆನ್ಸರೇ? ಕಾರೇ? ಮೇಸ್ತ್ರಿಯೇ? ಮಗನೇ? ಉತ್ತರ ಕಾಣಬೇಕಾದರೆ ಆ ಪುಟ್ಟ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಮೊದಲು ತಿಳಿಯಬೇಕು.

ಗೊತ್ತಿಲ್ಲ ಎನ್ನಲಾರದ ಯಂತ್ರ

ಹೊರಗಿನ ಉಷ್ಣತೆಯನ್ನು ಅಳೆಯುವ ಸೆನ್ಸರ್ ಹುಣಿಸೆಬೀಜದಷ್ಟೇ ಇರುವ ವಸ್ತು. ಸಾಮಾನ್ಯವಾಗಿ ಮುಂದಿನ ಬಂಪರಿನ ಹಿಂದೆ, ರೇಡಿಯೇಟರಿನ ಮುಂದೆ ಇರುತ್ತದೆ. ಕೆಲವು ಕಾರುಗಳಲ್ಲಿ ಪಕ್ಕದ ಕನ್ನಡಿಯ ಕೆಳಗೆ ಕೂಡಿಸಿರುತ್ತಾರೆ. ಅದರ ಗುಣ ಇಷ್ಟೇ: ಬಿಸಿಯಾದಷ್ಟೂ ತನ್ನ ಮೂಲಕ ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡುತ್ತದೆ, ತಂಪಾದಷ್ಟೂ ತಡೆಯುತ್ತದೆ. ಲೋಹಗಳ ಸ್ವಭಾವ ಇದಕ್ಕೆ ವಿರುದ್ಧ. ಬೆಳ್ಳಿಯ ಸಲ್ಫೈಡಿನಲ್ಲಿ ಈ ವಿಚಿತ್ರ ಗುಣವನ್ನು 1833ರಲ್ಲಿ ಗಮನಿಸಿದವರು ಮೈಕೆಲ್ ಫ್ಯಾರಡೆ. ಅದನ್ನು ಬಳಕೆಗೆ ಬರುವ ಸಾಧನವಾಗಿ ಮಾಡಿದವರು ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್, 1930ರಲ್ಲಿ. 25 ಡಿಗ್ರಿಯಲ್ಲಿ 10,000 ಓಮ್ ತಡೆ ತೋರಿಸುವ ಸೆನ್ಸರ್, ಸೊನ್ನೆ ಡಿಗ್ರಿಗೆ ಬಂದಾಗ ಸುಮಾರು 30,000 ಓಮ್ ತೋರಿಸುತ್ತದೆ. ಈ ತಡೆಯನ್ನು ಓದಿ ಕಾರಿನ ಕಂಪ್ಯೂಟರ್ ಇಷ್ಟು ಡಿಗ್ರಿ ಎಂದು ತೀರ್ಮಾನಿಸುತ್ತದೆ.

ತಂತಿ ಕಳಚಿಕೊಂಡರೆ ಏನಾಗುತ್ತದೆ? ವಿದ್ಯುತ್ತು ಹರಿಯುವುದೇ ಇಲ್ಲ. ತಡೆ ಮಿತಿಮೀರಿದೆ, ಅಂದರೆ ಚಳಿ ಮಿತಿಮೀರಿದೆ ಎಂದು ಕಂಪ್ಯೂಟರ್ ಅರ್ಥಮಾಡಿಕೊಳ್ಳುತ್ತದೆ. ವಾಹನಗಳ ಕಂಪ್ಯೂಟರುಗಳಲ್ಲಿ ಪ್ರಚಲಿತವಾಗಿರುವ ಲೆಕ್ಕದ ಕ್ರಮದಲ್ಲಿ, ದಾಖಲಾದ ಅಂಕಿಯಿಂದ 40 ಕಳೆದರೆ ಉಷ್ಣತೆ ಸಿಗುತ್ತದೆ. ಅಂಕಿ ಸೊನ್ನೆಯಾದರೆ ಉಷ್ಣತೆ −40. ನಮ್ಮ ಪರದೆಯಲ್ಲಿ ಕಂಡದ್ದು ಯಾವ ಊರಿನ ಚಳಿಯೂ ಅಲ್ಲ. ಸುದ್ದಿಯೇ ಬಂದಿಲ್ಲ ಎಂಬುದರ ಗುರುತು.

ಆದರೆ ಆ ಕಾರಿಗೆ ‘ಗೊತ್ತಿಲ್ಲ’ ಎಂದು ಹೇಳುವುದನ್ನು ಯಾರೂ ಕಲಿಸಿರಲಿಲ್ಲ. ಬಾರದ ಸುದ್ದಿಯನ್ನು ಅದು ಖಚಿತ ಸುದ್ದಿ ಎಂದೇ ತಿಳಿಯಿತು, ಹಾಗೆಯೇ ನಡೆದುಕೊಂಡಿತು. ಹೊರಗೆ ಸೊನ್ನೆಯ ಆಸುಪಾಸಿನ ಚಳಿ ಇದ್ದಾಗ ಎ.ಸಿ.ಯ ಕಂಪ್ರೆಸರ್ ತಿರುಗಿದರೆ ಹಾಳಾದೀತೆಂದು ಅನೇಕ ಕಾರುಗಳಲ್ಲಿ ಅದನ್ನು ತಡೆದು ನಿಲ್ಲಿಸುವ ಏರ್ಪಾಡಿದೆ. ಹೀಗಾಗಿ 42 ಡಿಗ್ರಿ ಬಿಸಿಲಿನಲ್ಲಿ ಅಜ್ಜಿ ಬವಳಿ ಬಂದು ಒರಗಿದ್ದಾಗಲೂ ಕಾರು ಕಂಪ್ರೆಸರನ್ನು ‘ಚಳಿ’ಯಿಂದ ಕಾಪಾಡುತ್ತಲೇ ಇತ್ತು! ಎಲ್ಲ ಕಾರುಗಳೂ ಹೀಗಲ್ಲ. ಕೆಲವುಗಳಲ್ಲಿ ತಂತಿ ಕಳಚಿದರೆ ಅಂಕಿಯ ಜಾಗದಲ್ಲಿ ಎರಡು ಗೀಟುಗಳು ಮಾತ್ರ ಕಾಣುತ್ತವೆ. ತನಗೆ ತಿಳಿಯದು ಎಂದು ಒಪ್ಪಿಕೊಳ್ಳುವ ಆ ಎರಡು ಗೀಟು, ತಪ್ಪು ಅಂಕಿಗಿಂತ ಎಷ್ಟೋ ಪ್ರಾಮಾಣಿಕವಾದದ್ದು.

ನಾವೂ ಹಾಗೆಯೇ ಅಲ್ಲವೇ? ಮಗ ಏನೂ ಹೇಳುತ್ತಿಲ್ಲ, ಆದ್ದರಿಂದ ಅವನಿಗೆ ಏನೂ ತೊಂದರೆಯಿಲ್ಲ ಎಂದು ತಂದೆ ತಿಳಿಯುತ್ತಾರೆ. ಹೆಂಡತಿ ಎದುರು ಮಾತಾಡುವುದಿಲ್ಲ, ಆದ್ದರಿಂದ ಒಪ್ಪಿಗೆಯಿದೆ ಎಂದು ಗಂಡ ತಿಳಿಯುತ್ತಾನೆ. ಮೇಸ್ತ್ರಿ ಸರಿಯಾದ ಉತ್ತರ ಕೊಡಲಿಲ್ಲ, ಆದ್ದರಿಂದ ಕಳ್ಳ. ಇವೆಲ್ಲವೂ −40 ಡಿಗ್ರಿಗಳೇ. ಸುದ್ದಿ ಬರುವ ದಾರಿ ಕಡಿದುಹೋಗಿರುವಾಗ ಆ ಖಾಲಿ ಜಾಗದಲ್ಲಿ ನಮ್ಮದೇ ಒಂದು ತೀರ್ಪನ್ನು ತುಂಬಿಕೊಂಡು, ಅದರಂತೆ ಮನೆಯನ್ನು ನಡೆಸುತ್ತೇವೆ.

ಪ್ರಾಮಾಣಿಕವಾಗಿ ತಪ್ಪುವುದು

ತತ್ವಶಾಸ್ತ್ರದ ತರಗತಿಯಲ್ಲಿ ನಮ್ಮನ್ನು ಬಹಳ ಕಾಡುತ್ತಿದ್ದ ಪ್ರಶ್ನೆಯೊಂದಿತ್ತು. ಮನಸ್ಸಾಕ್ಷಿಯೇ ತಪ್ಪು ಹೇಳಿದರೆ ಅದರಂತೆ ನಡೆಯಬೇಕೇ, ಬೇಡವೇ? 13ನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಇದನ್ನು ಎರಡು ಪ್ರಶ್ನೆಗಳಾಗಿ ಬಿಡಿಸಿದರು. ಮೊದಲನೆಯದು, ತಪ್ಪಿದ ಮನಸ್ಸಾಕ್ಷಿ ನಮ್ಮನ್ನು ಕಟ್ಟುತ್ತದೆಯೇ? ಕಟ್ಟುತ್ತದೆ. ಕೆಟ್ಟದ್ದೆಂದು ತಾನೇ ನಂಬಿರುವುದನ್ನು ಮಾಡುವವನು ಕೆಡುಕನ್ನೇ ಬಯಸಿದಂತೆ. ಎರಡನೆಯದು, ಹಾಗಾದರೆ ಅದರಂತೆ ನಡೆದವನಿಗೆ ದೋಷವೇ ಇಲ್ಲವೇ? ಅದು ಆ ತಪ್ಪು ತಿಳಿವಳಿಕೆ ಎಲ್ಲಿಂದ ಬಂತು ಎಂಬುದರ ಮೇಲೆ ನಿಂತಿದೆ. ತಿಳಿಯಬೇಕಾದದ್ದನ್ನು ತಿಳಿಯಲು ಪ್ರಯತ್ನಿಸದೆ ಉದಾಸೀನ ಮಾಡಿದ್ದರೆ, ಗೊತ್ತಿರಲಿಲ್ಲ ಎಂಬ ಮಾತು ರಕ್ಷಣೆಗೆ ಬರುವುದಿಲ್ಲ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯೂ ಇಂದಿನ ಲೋಕದಲ್ಲಿ ಧರ್ಮಸಭೆಯನ್ನು ಕುರಿತ ತನ್ನ ದಾಖಲೆಯ 16ನೆಯ ಪರಿಚ್ಛೇದದಲ್ಲಿ ಇದೇ ಭೇದವನ್ನು ಮಾಡಿತು.

ಕಾರಿಗೆ ಉದಾಸೀನ ಮಾಡುವ ಸ್ವಾತಂತ್ರ್ಯವಿಲ್ಲ. ಅದು ತನಗೆ ಬಂದ ಲೆಕ್ಕದಂತೆ ನಡೆಯಿತು. ಅದರ ಮೇಲೆ ದೋಷವಿಲ್ಲ. ನಮ್ಮ ವಿಷಯ ಹಾಗಲ್ಲ. ಯಜಮಾನರ ಕಣ್ಣೆದುರು ಎರಡು ತಿಂಗಳು ಆ ಅಂಕಿ ಇತ್ತು. ಏನೋ ಕಡಿದುಹೋಗಿದೆ ಎಂದು ದಿನವೂ ಕೂಗಿ ಹೇಳುತ್ತಿತ್ತು. ಅವರು ಅದನ್ನು ತಮಾಷೆ ಮಾಡಿದರು. ಜೊತೆಗೆ ಕುಳಿತ ನಾನೂ ಮಾಡಿದೆ. ಅಸಾಧ್ಯವಾದ ಅಂಕಿಯನ್ನು ಕಂಡಾಗ ನಗುವುದು ಸುಲಭ. ಇದು ಹೀಗೇಕೆ ಎಂದು ಕೇಳುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಆ ಪ್ರಶ್ನೆಯನ್ನು ಕೇಳದೆ ಒಬ್ಬ ಮನುಷ್ಯನನ್ನು ಕಳ್ಳ ಎಂದು ಕರೆದದ್ದು ಪ್ರಾಮಾಣಿಕ ತಪ್ಪು ಎನಿಸಿಕೊಳ್ಳುತ್ತದೆಯೇ?

ಮೇಸ್ತ್ರಿಯೂ ಪೂರ್ತಿ ನಿರ್ದೋಷಿ ಅಲ್ಲವೆನ್ನಿ. ಗ್ಯಾಸ್ ತೀರಾ ಕಡಿಮೆಯಾದಾಗಲೂ ಕಂಪ್ರೆಸರ್ ತಿರುಗುವುದಿಲ್ಲ. ಆದ್ದರಿಂದ ಅವನ ಊಹೆಗೆ ಆಧಾರವಿತ್ತು. ಆದರೆ ಅಳತೆ ನೋಡದೆ ಊಹೆಗೇ ಹಣ ಪಡೆದ. ಮೊದಲ ಸಲ ಸರಿಹೋಗದಿದ್ದಾಗಲೂ ಊಹೆಯನ್ನು ಬದಲಿಸಲಿಲ್ಲ. ಇದು ಬೇಜವಾಬ್ದಾರಿ, ಕಳ್ಳತನವಲ್ಲ. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ಒಬ್ಬನ ಹೆಸರಿನ ವಿಷಯದಲ್ಲಿ ನಾವು ಮರೆಯಬಾರದು.

ಬೇರೆ ಎರಡು ಬಗೆ

ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತ ಮಾಡುತ್ತ ಇನ್ನೂ ಎರಡು ಸಂಗತಿ ಹೇಳಿದ. ತಂತಿ ಪೂರ್ತಿ ಕಳಚಿದರೆ ಒಳ್ಳೆಯದೇ, ಯಾರಿಗಾದರೂ ಗೊತ್ತಾಗುತ್ತದೆ. ಕಪ್ಲರಿನೊಳಗೆ ನೀರು ಸೇರಿ ಕಿಲುಬು ಹಿಡಿದರೆ ಮಾತ್ರ ಕಷ್ಟ. ಕಿಲುಬು ತಡೆಯನ್ನು ಹೆಚ್ಚಿಸುತ್ತದೆ. ತಡೆ ಹೆಚ್ಚಿದರೆ ಇದ್ದುದಕ್ಕಿಂತ ತಂಪು ತೋರಿಸುತ್ತದೆ. 40 ಇರುವಲ್ಲಿ 36 ಎನ್ನುತ್ತದೆ. ನಂಬುವಂಥ ಅಂಕಿ. ಯಾರೂ ಸಂಶಯಪಡುವುದಿಲ್ಲ.

ನಮ್ಮ ಮನಸ್ಸಾಕ್ಷಿಗೆ ಹಿಡಿಯುವ ಕಿಲುಬೂ ಇಂಥದ್ದೇ. ಮನೆಗೆಲಸದವಳು ಜ್ವರದಿಂದ ಎರಡು ದಿನ ಬರಲಿಲ್ಲವೆಂದು ಮೊದಲ ಸಲ ಸಂಬಳ ಹಿಡಿದಾಗ ಒಳಗೆ ಚುಚ್ಚುತ್ತದೆ. ಎರಡನೆಯ ಸಲ ಅಷ್ಟಿಲ್ಲ. ವರ್ಷ ಕಳೆದ ಮೇಲೆ, ಎಲ್ಲರೂ ಹಾಗೆಯೇ ಮಾಡುತ್ತಾರಲ್ಲ ಎನಿಸುತ್ತದೆ. ನಾವು ಮಾಡುವುದರ ಕಾವು ಕಡಿಮೆಯಾಗಿರುವುದಿಲ್ಲ, ನಮಗೆ ತೋರುವುದು ಕಡಿಮೆಯಾಗಿರುತ್ತದೆ. ಮೇಲೆ ಹೇಳಿದ ದಾಖಲೆ ಎಚ್ಚರಿಸುವುದೂ ಇದನ್ನೇ: ಪಾಪದ ರೂಢಿಯಿಂದ ಮನಸ್ಸಾಕ್ಷಿಯ ದೃಷ್ಟಿ ಮೆಲ್ಲಮೆಲ್ಲಗೆ ಮಂದವಾಗುತ್ತದೆ.

ಇನ್ನೊಂದು ಬಗೆ ದೋಷವೇ ಅಲ್ಲ. ಕಾರು ಬಿಸಿಲಲ್ಲಿ ನಿಂತಿದ್ದಾಗ ಅಥವಾ ವಾಹನಗಳ ಸಾಲಿನಲ್ಲಿ ತೆವಳುವಾಗ ಎಂಜಿನ್ನಿನ ಕಾವು, ಡಾಂಬರಿನ ಕಾವು ಸೆನ್ಸರಿಗೆ ತಟ್ಟುತ್ತದೆ. ಆಗ ಅದು ಊರಿನ ಉಷ್ಣತೆಯನ್ನಲ್ಲ, ತಾನು ಕೂತಲ್ಲಿಯ ಉಷ್ಣತೆಯನ್ನು ಹೇಳುತ್ತದೆ. ಹೇಳುವುದು ಸುಳ್ಳಲ್ಲ, ಆದರೆ ನಾವು ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಸ್ವಲ್ಪ ದೂರ ಓಡಿ ಗಾಳಿ ತಾಗಿದರೆ ಸರಿಹೋಗುತ್ತದೆ. ಆದ್ದರಿಂದಲೇ ಅನೇಕ ಕಾರುಗಳಲ್ಲಿ ಏರುವ ಅಂಕಿಯನ್ನು ಕಂಪ್ಯೂಟರ್ ತಕ್ಷಣ ನಂಬುವುದಿಲ್ಲ. ಕಾರು ಓಡಲಿ ಎಂದು ಕಾಯುತ್ತದೆ. ಇಳಿಯುವ ಅಂಕಿಯನ್ನು ಮಾತ್ರ ಬೇಗ ತೋರಿಸುತ್ತದೆ, ಏಕೆಂದರೆ ಚಳಿಯ ದೇಶಗಳಲ್ಲಿ ರಸ್ತೆ ಹೆಪ್ಪುಗಟ್ಟುವ ಸುದ್ದಿ ತಡವಾದರೆ ಪ್ರಾಣಾಪಾಯ. ಎಚ್ಚರಿಕೆಯ ಮಾತನ್ನು ಕೂಡಲೇ ಕೇಳಬೇಕು, ಕಾವಿನ ಮಾತನ್ನು ತಡೆದು ನಂಬಬೇಕು. ಸಂತ ಯಕೋಬರ ಪತ್ರದ ಮೊದಲ ಅಧ್ಯಾಯವನ್ನು ಓದಿದವರಿಗೆ ಈ ಕ್ರಮ ಹೊಸದಲ್ಲ. ಆಫೀಸಿನ ಕಾವಿನಲ್ಲಿ ಮನೆಗೆ ಬಂದ ಗಂಡನ ಮಾತನ್ನೂ, ಅಡುಗೆಮನೆಯ ಕಾವಿನಲ್ಲಿ ಬೆಂದ ಹೆಂಡತಿಯ ಮಾತನ್ನೂ ಆ ಗಳಿಗೆಯ ಉಷ್ಣತೆಯೆಂದು ತಿಳಿಯಬೇಕೇ ಹೊರತು ಅವರ ಸ್ವಭಾವವೆಂದು ತೀರ್ಮಾನಿಸಬಾರದು.

ಪರೀಕ್ಷಿಸುವವನನ್ನು ಪರೀಕ್ಷಿಸುವವರಾರು?

ಕಳಚಿದ ಕಪ್ಲರನ್ನು ಕಂಡಕೂಡಲೇ ಆ ಯುವಕ ಅದನ್ನು ಸಿಕ್ಕಿಸಿ ಎದ್ದುಬಿಡಲಿಲ್ಲ. ಮೊದಲು ತಂತಿಯ ಎರಡೂ ಎಳೆಗಳನ್ನು ಒಂದು ಸಣ್ಣ ತುಂಡಿನಿಂದ ಕೂಡಿಸಿದ. ಪರದೆಯ ಅಂಕಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರಿತು. ಅಂದರೆ ಅಲ್ಲಿಂದ ಕಂಪ್ಯೂಟರಿನವರೆಗೆ ದಾರಿ ಸರಿಯಾಗಿದೆ. ನಂತರ ಸೆನ್ಸರಿಗೆ ಮಲ್ಟಿಮೀಟರ್ ಹಿಡಿದ. ಮೊದಲು ತಣ್ಣೀರಿನ ಬಾಟಲಿಗೆ ತಾಗಿಸಿದ, ತಡೆ ಏರಿತು. ಬಾಟಲಿಯಿಂದ ತೆಗೆದು ಮುಷ್ಟಿಯಲ್ಲಿ ಹಿಡಿದ, ಇಳಿಯಿತು. ಸೆನ್ಸರಿಗೂ ಜೀವವಿದೆ. ಆಮೇಲೆ ಕಪ್ಲರ್ ಒರೆಸಿ ಜೋಡಿಸಿದ. ಒಂದು ತಪ್ಪು ಸಿಕ್ಕಿತೆಂದ ಮಾತ್ರಕ್ಕೆ ತಪ್ಪು ಅದೊಂದೇ ಎಂದು ಅವನು ತಿಳಿಯಲಿಲ್ಲ.

ತಾತ್ವಿಕರು ಇಲ್ಲೊಂದು ತೊಡಕನ್ನು ಎತ್ತಬಹುದು. ಸೆನ್ಸರನ್ನು ಮೀಟರಿನಿಂದ ಪರೀಕ್ಷಿಸಿದೆವು. ಮೀಟರನ್ನು ಯಾವುದರಿಂದ ಪರೀಕ್ಷಿಸೋಣ? ಅದನ್ನು ಪರೀಕ್ಷಿಸಿದ ಇನ್ನೊಂದನ್ನು? ಸಾಕ್ಷಿಗೆ ಸಾಕ್ಷಿ, ಅದಕ್ಕೊಂದು ಸಾಕ್ಷಿ ಎಂದು ಹೋದರೆ ಕೊನೆಯೇ ಇಲ್ಲ. ಆದ್ದರಿಂದ ಯಾರನ್ನೂ ನಂಬಲಾಗದು, ಅವರವರಿಗೆ ತೋರಿದ್ದೇ ಸತ್ಯ ಎಂದುಬಿಡೋಣವೇ?

ಬಲ್ಲ ಮೇಸ್ತ್ರಿಗಳು ಈ ತೊಡಕನ್ನು ಎರಡು ರೀತಿಯಲ್ಲಿ ಬಿಡಿಸಿಕೊಳ್ಳುತ್ತಾರೆ. ಒಂದು, ಕಾರನ್ನು ರಾತ್ರಿಯೆಲ್ಲ ನೆರಳಿನಲ್ಲಿ ಸುಮ್ಮನೆ ನಿಲ್ಲಿಸಿ, ಬೆಳಿಗ್ಗೆ ಎಂಜಿನ್ ಓಡಿಸುವ ಮೊದಲು ಅದರ ಎಲ್ಲ ಉಷ್ಣತಾ ಸೆನ್ಸರುಗಳನ್ನೂ ಓದುತ್ತಾರೆ. ರೇಡಿಯೇಟರಿನ ನೀರು, ಎಂಜಿನ್ನಿಗೆ ಹೋಗುವ ಗಾಳಿ, ಹೊರಗಿನ ಗಾಳಿ ಮೂರೂ ಆಗ ಹೆಚ್ಚುಕಡಿಮೆ ಒಂದೇ ಅಂಕಿ ಹೇಳಬೇಕು. ಒಂದು ಮಾತ್ರ ಬೇರೆ ಹೇಳಿದರೆ ಸಂಶಯ ಅದರ ಮೇಲೆ. ಎರಡು, ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿ ಸೆನ್ಸರನ್ನು ಅದ್ದುತ್ತಾರೆ. ಅದು ಸೊನ್ನೆ ಡಿಗ್ರಿ. ಯಾರ ಅಭಿಪ್ರಾಯದಿಂದಲೂ ಅದು ಬದಲಾಗದು. 1742ರಲ್ಲಿ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ತನ್ನ ಅಳತೆಯನ್ನು ಕಟ್ಟಿದ್ದು ಇಂಥ ಸ್ಥಿರ ಬಿಂದುಗಳ ಮೇಲೆಯೇ.

ನಮ್ಮ ಬದುಕಿಗೂ ಈ ಎರಡು ಪರೀಕ್ಷೆಗಳು ಸಾಕಾಗುತ್ತವೆ. ಕೋಪದ ಎಂಜಿನ್ ನಿಂತು, ರಾತ್ರಿ ಕಳೆದು, ಮನಸ್ಸು ತಣ್ಣಗಾದಾಗ ನನ್ನ ತೀರ್ಪನ್ನು ಇನ್ನಿಬ್ಬರ ಮಾತಿನೊಂದಿಗೆ ಹೋಲಿಸಿ ನೋಡಬೇಕು. ಆ ಇಬ್ಬರು ನನ್ನಿಂದ ಏನನ್ನೂ ಬಯಸದವರು, ನನಗೆ ಹೆದರದವರು ಆಗಿರಬೇಕು. ಸ್ಥಿರ ಬಿಂದುವೂ ನಮಗೆ ತಿಳಿಯದ್ದಲ್ಲ. ಆ ಮೇಸ್ತ್ರಿಯ ಜಾಗದಲ್ಲಿ ನಾನಿದ್ದು, ಊಹೆಯ ಮೇಲೆ ಯಾರಾದರೂ ನನ್ನನ್ನು ಚಹದಂಗಡಿಯಲ್ಲಿ ಕಳ್ಳ ಎಂದಿದ್ದರೆ? ಈ ಪ್ರಶ್ನೆಗೆ ಸಿಗುವ ಉತ್ತರ ರಾಯಚೂರಿನಲ್ಲಿ ಒಂದು, ಮಡಿಕೇರಿಯಲ್ಲಿ ಇನ್ನೊಂದು ಆಗುವುದಿಲ್ಲ.

ತಂತಿಯನ್ನು ಕಡಿದವರು

ಇನ್ನು ಮಗನ ವಿಷಯ. ಅವನು ಬಚ್ಚಿಟ್ಟದ್ದು ತಪ್ಪು; ಒಬ್ಬನ ಹೆಸರು ಕೆಡುತ್ತಿರುವುದನ್ನು ಕಂಡೂ ಸುಮ್ಮನಿದ್ದುದು ಇನ್ನೂ ದೊಡ್ಡ ತಪ್ಪು. ಎಂಜಿನ್ನಿನ ಮುಂದೆ ನಿಂತು ಅವನು ಅದನ್ನು ಒಪ್ಪಿಕೊಂಡ. ಆದರೆ ತಾಯಿ ಆಡಿದ ಒಂದು ಮಾತು ನಮ್ಮೆಲ್ಲರನ್ನೂ ಸುಮ್ಮನಾಗಿಸಿತು. “ಹೋದ ವರ್ಷ ಮೊಬೈಲ್ ಬಿದ್ದು ಒಡದಾಗ ನಿಜ ಹೇಳಿದ್ದ. ಅವತ್ತು ನೀವು ಏನ್ ಮಾಡಿದ್ರಿ, ನೆನಪದ ಏನ್ರಿ?”

ಯಜಮಾನರು ಉತ್ತರ ಕೊಡಲಿಲ್ಲ. ಬೇಡದ ಸುದ್ದಿ ತಂದವನಿಗೆ ಪ್ರತಿಸಲವೂ ಏಟು ಬಿದ್ದರೆ ಸುದ್ದಿ ಬರುವುದು ನಿಲ್ಲುತ್ತದೆ. ಆಗ ಮನೆಯಲ್ಲಿ ಶಾಂತಿ ನೆಲಸಿದಂತೆ ಕಾಣುತ್ತದೆ, ಪರದೆಯ ಮೇಲೆ ತಂಪಾದ ಅಂಕಿ ಕಾಣುತ್ತದೆ. ತಂತಿ ಕಡಿದವರು ನಾವೇ ಎಂಬುದು ಹೊಳೆಯುವುದೇ ಇಲ್ಲ. ಮಕ್ಕಳ ತಪ್ಪನ್ನು ತಿದ್ದಬಾರದೆಂದು ನಾನು ಹೇಳುತ್ತಿಲ್ಲ. ತಪ್ಪಿಗೆ ಶಿಕ್ಷೆ ಇರಲಿ. ನಿಜ ಹೇಳಿದ್ದಕ್ಕೇ ಶಿಕ್ಷೆಯಾಯಿತು ಎಂದು ಮಗುವಿಗೆ ಅನಿಸದಂತೆ ನೋಡಿಕೊಳ್ಳಬೇಕಾದ ಹೊಣೆ ಹಿರಿಯರದು.

ಕಪ್ಲರ್ ಜೋಡಿಸಿ ಎರಡು ಮೂರು ಕಿಲೋಮೀಟರ್ ಓಡಿದ ಮೇಲೆ ಅಂಕಿ ಏರುತ್ತ ಬಂದು 42ಕ್ಕೆ ನಿಂತಿತು. ತಂಪು ಗಾಳಿ ಬಂತು. ಅಜ್ಜಿ ಕಣ್ಣುಮುಚ್ಚಿ ನಿದ್ದೆ ಹೋದರು. ಎಲೆಕ್ಟ್ರಿಷಿಯನ್ ತೆಗೆದುಕೊಂಡದ್ದು ನೂರು ರೂಪಾಯಿ. ಹೊಸಪೇಟೆ ಮುಟ್ಟುವವರೆಗೆ ತಂದೆ ಮಗ ಇಬ್ಬರೂ ಮಾತಾಡಲಿಲ್ಲ. ಮರಳಿ ಬರುವಾಗ ಕಾರು ಓಡಿಸಿದವನು ಮಗ. ತಂದೆಯೇ ಕೀಲಿಕೈ ಕೊಟ್ಟಿದ್ದರು.

ಮರುದಿನ ಸಂಜೆ ಅವರಿಬ್ಬರೂ ಮೇಸ್ತ್ರಿಯ ಗ್ಯಾರೇಜಿಗೆ ಹೋದರು. ಗ್ಯಾರೇಜಿನಲ್ಲಿ ಹೇಳಿದರೆ ಸಾಲದು, ಬೈದದ್ದು ಚಹದಂಗಡಿಯಲ್ಲಿ ಎಂದು ತಂದೆಗೆ ಅನಿಸಿತಂತೆ. ಅವನನ್ನು ಅಲ್ಲಿಗೇ ಕರೆದೊಯ್ದು, ಅದೇ ಜನರ ಎದುರಿಗೆ, “ನಾನು ತಿಳೀದೆ ಇವನ ಹೆಸರು ಕೆಡಿಸಿದೆ, ಇವನು ಕಳ್ಳ ಅಲ್ಲ” ಎಂದರು. ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದು, ನಂತರ ಎರಡನೆಯ ಸಲದ ಗ್ಯಾಸಿನ ಹಣವನ್ನು ಹಿಂದಕ್ಕೆ ಕೊಡಲು ಬಂದನಂತೆ. “ನಾನೂ ನೋಡದೇ ತುಂಬೀನ್ರಿ” ಎಂದನಂತೆ. ಇವರು ಅರ್ಧ ತೆಗೆದುಕೊಂಡರು. ಆದರೆ ಆ ಎರಡು ತಿಂಗಳಲ್ಲಿ ಬೇರೆ ಗ್ಯಾರೇಜಿಗೆ ಹೋದ ಗಿರಾಕಿಗಳೆಲ್ಲ ತಿರುಗಿ ಬಂದಿಲ್ಲ. ಕಪ್ಲರ್ ಸಿಕ್ಕಿಸಿದಷ್ಟು ಸುಲಭವಾಗಿ ಒಬ್ಬ ಮನುಷ್ಯನ ಹೆಸರನ್ನು ಮತ್ತೆ ಜೋಡಿಸಲಾಗುವುದಿಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಕಾರು ಇರಬಹುದು, ಇಲ್ಲದಿರಬಹುದು. ಆದರೆ ಇಂದು ರಾತ್ರಿ ಊಟಕ್ಕೆ ಕೂತಾಗ ಮನೆಯವರ ಮುಖವನ್ನೊಮ್ಮೆ ನೋಡಿ. ಬಹಳ ದಿನದಿಂದ ಏನೂ ಹೇಳದೆ ಇರುವವರು ಯಾರಾದರೂ ಇದ್ದಾರೆಯೇ? ಅವರ ಬಗ್ಗೆ ತೀರ್ಮಾನಕ್ಕೆ ಬರುವ ಮೊದಲು, ಅವರಿಂದ ನಿಮ್ಮವರೆಗೆ ಬರುವ ತಂತಿ ಜಾಗದಲ್ಲಿದೆಯೇ ಎಂದು ಬಗ್ಗಿ ನೋಡಿ. ಬಗ್ಗದೆ ಅದು ಕಾಣುವುದಿಲ್ಲ.